ಬುಟ್ಟಿಯ ಮುಂದೆ ಆಡದ ಮಾತು

ದಬ್ ದಬ್ ಎಂದು ಕಂಡಕ್ಟರು ಬಸ್ಸಿನ ತಗಡಿಗೆ ಬಡಿಯುವ ಸದ್ದು ಕೇಳಿದರೆ ಸಾಕು, ಹೂವಿನಹಡಗಲಿಯ ಬಸ್ ನಿಲ್ದಾಣದ ಹಿಂದಿನ ಓಣಿಯಿಂದ ಮರುಳಸಿದ್ದಮ್ಮ ತುರುಬು ಕಟ್ಟುತ್ತಲೇ ಹೊರಬೀಳುತ್ತಿದ್ದಳು. ಮೊದಲ ಬಸ್ಸು ಹೊರಡುವುದರೊಳಗೆ ಅವಳ ಎಸ್‌ಟಿಡಿ ಬೂತು ತೆರೆದಿರಬೇಕು. ಮಲ್ಲಿಗೆ ಬೆಳೆಯುವ ಹೆಂಗಸರು ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಗಳನ್ನು ಅಲ್ಲಿ ಇಳಿಸುವರು. ಹೊಸಪೇಟೆ, ಹರಪನಹಳ್ಳಿ, ದಾವಣಗೆರೆಯ ಹೂವಿನಂಗಡಿಗಳಿಗೆ ಫೋನು ಹಚ್ಚಿ ಅವಳು ದರ ಕೇಳುವಳು. ದರ ಎಲ್ಲಿ ಏರಿದೆಯೋ ಆ ಊರಿನ ಬಸ್ಸಿಗೆ ಬುಟ್ಟಿ ಹತ್ತುತ್ತಿತ್ತು. ಗಂಡನ ಮನೆಗೆ ಬೆನ್ನು ತಿರುಗಿಸಿ ಬಂದವಳಿಗೆ ಆ ಬೂತೇ ಅನ್ನ, ಆ ಬೂತೇ ಮರ್ಯಾದೆ.

ಮೊಬೈಲು ಇನ್ನೂ ಸಾಹುಕಾರರ ಜೇಬಿನಲ್ಲಷ್ಟೇ ಇದ್ದ ಕಾಲ ಅದು. ಎದುರಿನ ಚಹಾದಂಗಡಿಯಲ್ಲಿ ಒಂದು ಕಂಪನಿ ಹೊಸ ಫೋನು ತಂದಿಟ್ಟಿತು. ಹೂವಿನ ಹೆಸರು, ಊರಿನ ಹೆಸರು ಬಾಯಲ್ಲಿ ಹೇಳಿದರೆ ಯಂತ್ರವೇ ಮಾತನ್ನು ಗುರುತಿಸಿ ದರ ಹೇಳುತ್ತಿತ್ತು. ಮೊದಲ ತಿಂಗಳು ಪುಕ್ಕಟೆ. ಅದನ್ನು ನೋಡಿಕೊಳ್ಳಲು ಬಂದವನು ತಂಬ್ರಹಳ್ಳಿಯ ಕ್ರಾಂತಿ, ಡಿಪ್ಲೊಮಾ ಮುಗಿಸಿ ಹೊಸದಾಗಿ ಸಂಬಳ ಕಂಡವನು. ಬುಟ್ಟಿಗಳೆಲ್ಲ ರಸ್ತೆಯ ಆಚೆ ಬದಿಗೆ ಹೋದವು. ಮಲ್ಲಿಗೆಯ ವಾಸನೆಯೂ ಅವುಗಳ ಹಿಂದೆಯೇ ಹೋಯಿತು. ಮರುಳಸಿದ್ದಮ್ಮ ಬೂತಿನ ಬಾಗಿಲಲ್ಲಿ ನಿಂತು ಅತ್ತಲೇ ನೋಡಿದಳು.

ಆ ಮೊದಲ ಮುಂಜಾನೆ ಸಾಲಿನಲ್ಲಿ ಮುಂದಿದ್ದವಳು ಪಕ್ಕೀರಮ್ಮ. "ಮಲ್ಲಿಗಿ, ಹರಪ್ನಳ್ಳಿ" ಎಂದಳು.

"ಹಗರಿಬೊಮ್ಮನಹಳ್ಳಿ. ಸರಿಯೇ? ಹೌದು ಅಥವಾ ಇಲ್ಲ ಎನ್ನಿ" ಎಂದಿತು ಯಂತ್ರ.

ಪಕ್ಕೀರಮ್ಮ ಅಲ್ಲವೆನ್ನಬೇಕಿತ್ತು. ಮೊದಲ ಬೋಣಿ ಆಗುವ ತನಕ ಹೂವಿನ ಬುಟ್ಟಿಯ ಮುಂದೆ ಯಾರೂ ‘ಇಲ್ಲ’ ಎಂಬ ಮಾತು ಆಡುವುದಿಲ್ಲ. ಹೂವು ತೀರಿದರೂ ‘ಹೆಚ್ಚೈತಿ’ ಎನ್ನುವುದೇ ಅಲ್ಲಿಯ ರೂಢಿ. ಆಕೆ ಅದನ್ನೇ ಅಂದಳು: "ಹೆಚ್ಚೈತಪ್ಪ."

"ಕ್ಷಮಿಸಿ, ಅರ್ಥವಾಗಲಿಲ್ಲ" ಎಂದಿತು ಯಂತ್ರ.

ಕೈಯಲ್ಲಿದ್ದ ರಿಸೀವರನ್ನು ಪಕ್ಕೀರಮ್ಮ ಹಾವಿನಂತೆ ಬಿಟ್ಟುಬಿಟ್ಟಳು. "ಮುಂಜಾನಿ ಬುಟ್ಟಿ ಮುಂದ ಇಲ್ಲ ಇಲ್ಲ ಅಂತೈತಲ್ಲ ಮೂದೇವಿ. ಯಾರ ಬಾಯಾಗ ಮಣ್ಣು ಹಾಕಾಕ ತಂದೀರಿ ಇದನ್ನ?" ಸಾಲು ಮುರಿಯಿತು. ಒಬ್ಬೊಬ್ಬರೇ ರಸ್ತೆ ದಾಟಿ ಈಚೆ ಬಂದರು.

ಬಿಸಿಲೇರಿ ಬುಟ್ಟಿಗಳೆಲ್ಲ ಬಸ್ಸು ಹತ್ತಿದ ಮೇಲೆ ಕ್ರಾಂತಿ ಬೂತಿಗೆ ಬಂದ. ಹೊಸಪೇಟೆಗೆ ಇನ್ನೊಂದು ಕಂಪನಿ ಇಂಥದ್ದೇ ಸೇವೆ ತರುತ್ತಿದೆ, ಕೂಡ್ಲಿಗಿಯಿಂದ ಹರಪನಹಳ್ಳಿವರೆಗಿನ ಐದು ತಾಲ್ಲೂಕು ಯಾರ ಕೈಗೆ ಮೊದಲು ಸಿಗುತ್ತದೋ ವ್ಯಾಪಾರ ಅವರದೇ ಎಂದು ವಿವರಿಸಿದ. ಹೆಂಗಸರಿಗೆ ಮರುಳಸಿದ್ದಮ್ಮನ ಮೇಲೆ ನಂಬಿಕೆ. ಅವಳು ಚಹಾದಂಗಡಿಯಲ್ಲಿ ನಿಂತು, ಯಂತ್ರ ತಪ್ಪು ಕೇಳಿಸಿಕೊಂಡಾಗ ಅವರ ಪರವಾಗಿ ಆ ಒಂದು ಮಾತು ಅಂದರೆ ಸಾಕು. ಕಂಪನಿ ತಿಂಗಳ ಸಂಬಳ ಕೊಡುತ್ತದೆ. ಹೇಗೂ ಬೂತಿನ ಕಾಲ ಮುಗಿಯುತ್ತ ಬಂತು ಎಂದೂ ಮೆಲ್ಲಗೆ ಸೇರಿಸಿದ. ಅದು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು.

"ನಿಮ್ಮವ್ವ ಮುಂಜಾನಿ ಆ ಮಾತು ಅಂತಾಳೇನು, ತಮ್ಮಾ?"

ಕ್ರಾಂತಿ ನಕ್ಕ. "ಅಂದ್ರ ನಮ್ಮಜ್ಜಿ ಸುಮ್ನಿರ್ತಾಳೇನಕ್ಕ? ನನಗೂ ಗೊತ್ತಿತ್ತು, ಮಿಷಿನ್ ಮುಂದ ಕುಂತು ಮರತೆ. ಕಂಪನಿಯವರಿಗೆ ಹೇಳೀನಿ. ಇವತ್ತಲ್ಲ ನಾಳಿ ಅದೂ ಕಲೀತೈತಿ."

"ಕಲೀಲಿ. ಬ್ಯಾಡ ಅಂದೋರು ಯಾರು? ಅದು ಕಲಿಯೋತನ ಊರ ಮಂದಿ ಬಾಯಾಗಿನ ಅಪಶಕುನ ಎಲ್ಲಾ ನನ್ನ ಬಾಯಾಗ ತುಂಬಬೇಕೇನು? ಸಂಬಳಕ್ಕ?"

"ಹಂಗಲ್ಲಕ್ಕ..."

"ಬುಟ್ಟಿ ಎಲ್ಲಾ ಹೋಗ್ಯಾವ. ಈಗ ಅನ್ನಬೌದು." ಅವಳು ಅವನನ್ನು ನೆಟ್ಟಗೆ ನೋಡಿದಳು. "ಇಲ್ಲ."

ಕೂಡ್ಲಿಗಿ ಕಡೆಯ ಬಸ್ಸು ಬಂದು ನಿಂತಿತ್ತು. ಬೂತಿಗೆ ಬೀಗ ಹಾಕಿ ಅವಳು ಚೀಲ ಹೆಗಲಿಗೇರಿಸಿದಳು. ಎಲ್ಲಿಗೆ ಎಂದ ಕ್ರಾಂತಿ.

"ಕೊಟ್ಟೂರಿಗಿ. ಅಲ್ಲಿ ಬೂತಿನೋರ ಸಂಗಡ ಮಾತಾಡಿ ಬರ್ತೀನಿ. ಆಮ್ಯಾಲ ಹರಪ್ನಳ್ಳಿ ಕಡೀ ಅರಸೀಕೆರಿ. ಅಲ್ಲಿಯ ಹೂವಿನೋರಿಗೂ ಇನ್ನ ಮ್ಯಾಲೆ ನಾನ ದರ ಹೇಳ್ತೀನಿ. ಐದು ತಾಲ್ಲೂಕು ಅಂದೆಲ್ಲ, ನೋಡೋಣು, ನಿಮ್ಮ ಕಂಪನಿಯೋರು ಬರೋದ್ರಾಗ ನಾನು ಅಷ್ಟೂ ಊರು ಮುಟ್ಟಿರ್ತೀನಿ" ಎನ್ನುತ್ತಲೇ ಅವಳು ಬಸ್ಸಿನತ್ತ ಬಿರಬಿರನೆ ನಡೆದಿದ್ದಳು.