ಕೆಂಪು ದಾರದ ಜಗ್ಗು

ಹೆಸರಾಂತ ಲೇಖಕನೊಬ್ಬನಿಗೆ ರಮ್ಮು, ಲಿಂಬೆರಸ, ಸಕ್ಕರೆ ಬೆರೆಸಿದ ಪಾನೀಯವೆಂದರೆ ಪಂಚಪ್ರಾಣವಾಗಿತ್ತಂತೆ. ಮೊಬೈಲಿನಲ್ಲಿ ಅದನ್ನು ಓದಿದಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಎರಡು ಕಥೆ ಅಚ್ಚಾದ ನನ್ನಂಥ ಬ್ಯಾಂಕ್ ಕ್ಲಾರ್ಕಿನ ಹುಚ್ಚು ಅಷ್ಟಿಷ್ಟಲ್ಲ. ದೀಪಾವಳಿ ರಜೆಗೆ ಹಿಪ್ಪರಗಿಯ ಅಣ್ಣನ ಮನೆಯಲ್ಲಿ ನಮ್ಮ ಸೀಮೆಯ ಕಾಕ್‌ಟೇಲ್ ಮಾಡಿಯೇ ತೀರುವುದೆಂದುಕೊಂಡೆ. ಸಕ್ಕರೆಯ ಬದಲು ಕಬ್ಬಿನ ಹಾಲು.

ಅಣ್ಣ ಮೂರು ವರ್ಷದ ಹಿಂದೆ ಬೀರೇಶ್ವರನ ಗುಡಿಯಲ್ಲಿ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟವನು. ಅಂಥವನ ಮನೆಗೆ ರಮ್ಮು ಒಯ್ಯಬಾರದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಒಯ್ದೆ. ಎರಡು ಜಗ್ಗಿನಲ್ಲಿ ಕಲಸಿದೆ. ರಮ್ಮು ಹಾಕಿದ್ದಕ್ಕೆ ಗುರುತಿಗೆಂದು ಕೆಂಪು ದಾರ ಕಟ್ಟಿದೆ. ಅಣ್ಣನದಕ್ಕೆ ಬರೀ ಕಬ್ಬಿನ ಹಾಲು, ಲಿಂಬೆ, ಶುಂಠಿ. ಅದಲುಬದಲಾದೀತೆಂದು ದಾರವನ್ನು ನಾಲ್ಕು ಸಲ ಮುಟ್ಟಿ ನೋಡಿದೆ.

ಅಣ್ಣ ಗ್ಲಾಸನ್ನು ತುಟಿಯ ತನಕ ಒಯ್ದು, ಮೂಸಿ, ಕೆಳಗಿಟ್ಟ. ಏನೂ ಹಾಕಿಲ್ಲವೆಂದು ನಾನು ಆಣೆ ಮಾಡಿದೆ.

"ನೀ ಹಾಕಿಲ್ಲೋ ತಮ್ಮಾ, ಅದ ತಾನ ಹುಳಿ ಬಂದೈತಿ" ಅಂದ. "ಈ ವಾಸನಿ ನನಗ ಗೊತ್ತಾಗೂದಿಲ್ಲೇನು?"

ಅಣ್ಣನ ಹೆಂಡತಿ ವೈನಿಗೆ ಸೀರೆ ತರಲು ಹಿಂದಿನ ದಿನ ಬನಹಟ್ಟಿಗೆ ಹೋದಾಗಲೇ ಕಬ್ಬಿನ ಹಾಲನ್ನು ಕ್ಯಾನಿಗೆ ತುಂಬಿಸಿಕೊಂಡಿದ್ದೆ. ಹಿಂಡಿದ್ದನ್ನು ಆಗಿಂದಾಗಲೇ ಕುಡಿಯಬೇಕು, ಇಟ್ಟರೆ ಹೆಂಡವಾಗುತ್ತದೆ ಎಂಬುದು ಕಬ್ಬಿನ ಗದ್ದೆಯಲ್ಲೇ ಬೆಳೆದ ನನಗೆ ಮರೆತುಹೋಗಿತ್ತು. ಅಣ್ಣ ಗ್ಲಾಸನ್ನು ಕೈಗೆಟುಕದಷ್ಟು ದೂರ ಸರಿಸಿದ. ಎದ್ದು ಬೈಕು ಹತ್ತಿ ಹೋದ.

ಒಂದು ತಾಸಾಯಿತು. ಫೋನು ಎತ್ತಲಿಲ್ಲ. ವೈನಿ ನನ್ನನ್ನು ಬೈಯಲಿಲ್ಲ. ಬಾಗಿಲಿಗೆ ಹೋಗುವುದು, ಒಳಗೆ ಬರುವುದು, ಮತ್ತೆ ಹೋಗುವುದು. ಬೈದಿದ್ದರೆ ಚೆನ್ನಾಗಿತ್ತು. ರಸ್ತೆಯ ತಿರುವಿನಲ್ಲಿರುವ ವೈನ್ ಶಾಪೇ ನನ್ನ ಕಣ್ಣ ಮುಂದೆ ಬರುತ್ತಿತ್ತು. ಹುಡುಕಲು ಹೋಗಲು ಧೈರ್ಯ ಸಾಲಲಿಲ್ಲ. ಕೂರಲಾಗದೆ, ಏಳಲಾಗದೆ, ಕೆಂಪು ದಾರದ ಜಗ್ಗಿನಿಂದ ಒಂದು ಗ್ಲಾಸು ಕುಡಿದೆ. ಆಮೇಲೆ ಇನ್ನೊಂದು. ರುಚಿಯೇನೂ ತಿಳಿಯಲಿಲ್ಲ.

ಬೈಕಿನ ಸದ್ದಾಯಿತು. ಅಣ್ಣನ ಹಣೆ ತುಂಬ ಭಂಡಾರ. ಗುಡಿಗೆ ಹೋಗಿದ್ದ. ವೈನಿ ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಅವನು ಕಾಗದದ ಪೊಟ್ಟಣ ಬಿಚ್ಚಿ ಅವಳ ಹಣೆಗೆ ಹಚ್ಚಿದ. ನಮ್ಮ ಮನೆಯಲ್ಲಿ ಕುಡಿದವರು ಭಂಡಾರ ಮುಟ್ಟುವುದಿಲ್ಲ, ಅವರಿಗೆ ಯಾರೂ ಹಚ್ಚುವುದೂ ಇಲ್ಲ. ಇನ್ನೊಂದು ಚಿಟಿಕೆ ಹಿಡಿದು ನನ್ನ ಹತ್ತಿರ ಬಂದ. ನಾನು ಉಸಿರು ಬಿಗಿಹಿಡಿದೆ. ಎಷ್ಟು ಹೊತ್ತು ಹಿಡಿಯಲಾದೀತು?

ಅವನ ಕೈ ನನ್ನ ಹಣೆಯ ಮುಂದೆ ನಿಂತಿತು. ಚಿಟಿಕೆಯನ್ನು ಮತ್ತೆ ಪೊಟ್ಟಣಕ್ಕೆ ಉದುರಿಸಿ, ಮಡಚಿ, ಜೇಬಿನಲ್ಲಿಟ್ಟುಕೊಂಡ.

"ಇರ್ಲಿ, ನಾಳಿ ಮುಂಜಾನಿ ಜಳಕಾ ಮಾಡಿ ಬಾ, ಹಚ್ಚತೀನಿ" ಅಂದ.