ಸಂತ್ರಾ ಸಿಪ್ಪೆ ತಿಕ್ಕಿದ ಕೈ

ಶರಣಪ್ಪ ಕಾಕಾ, ನಿಮ್ಮ ಕಾರು ಎಲ್ಲಿಯೂ ಬಡಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದು ನಿಮ್ಮ ಬೀಗರ ಮುಂದೆ ಸುಳ್ಳು ಹೇಳಿದೆ.

ಕಾರಿನ ಬಣ್ಣ ಕಾರ್ಖಾನೆಯಿಂದ ಬರುವಾಗಲೇ ತುಸು ತರಿತರಿ ಇರುತ್ತದೆ — ಓರೆಯಾಗಿ ನೋಡಿದರೆ ಥೇಟ್ ಸಂತ್ರಾ ಹಣ್ಣಿನ ಸಿಪ್ಪೆ. ಅದು ಕೆಟ್ಟ ಕೆಲಸವಲ್ಲ. ಆದರೆ ಹುಮನಾಬಾದಿನಲ್ಲಿ ಗ್ಯಾರೇಜ್ ಇಟ್ಟವನು ಹಾಗೆಂದರೆ ಹೊಟ್ಟೆ ತುಂಬೀತೆ? ಕಂಪನಿಯವರು ಕಾಟಾಚಾರಕ್ಕೆ ಬಣ್ಣ ಹೊಡೆದಿದ್ದಾರೆಂದು ಬಂದವರನ್ನೆಲ್ಲ ಹೆದರಿಸಿದೆ. ಪಾಲಿಶ್ ಪೇಪರ್ ಹಿಡಿದು ಸಿಪ್ಪೆ ತಿಕ್ಕಿ ತೆಗೆದು ಕನ್ನಡಿ ಮಾಡಿ ಕೊಟ್ಟೆ. ಜನವೂ ಹಾಗೇ — ಮನೆಯ ಕನ್ನಡಿ ಸಾಲದೆ ಕಾರಿನ ಬಾಗಿಲಲ್ಲಿ ಮೀಸೆ ತೀಡುವ ಮಂದಿ! ಅವರನ್ನು ಕಂಡು ಒಳಗೊಳಗೇ ನಗುತ್ತಿದ್ದೆ. ನಗುವ ಯೋಗ್ಯತೆ ಯಾವುದಿತ್ತೋ ನನಗೆ —

ನೀವು ಅಂಥವರಲ್ಲ. ಮಗಳ ಮದುವೆಗೆ ಗಾಡಿ ಮಿಂಚಲಿ ಎಂದು ದುಬಲಗುಂಡಿಯಿಂದ ಬಂದು, "ತಮ್ಮಾ, ನೀ ಹ್ಯಾಂಗ ಹೇಳ್ತಿ ಹಾಂಗ" ಎಂದು ಚಾವಿ ಕೊಟ್ಟಿರಿ. ನಿಮ್ಮ ಗಾಡಿಯ ಸಿಪ್ಪೆಯನ್ನೂ ತಿಕ್ಕಿ ತೆಗೆದೆ.

ಮುಂದೆ ಕಣ್ಣು ಮಂಜಾಗಿ ಗಾಡಿ ಮಾರಲು ಹೊರಟಾಗ, ಕೊಳ್ಳಲು ಬಂದವರು ಮಗಳನ್ನು ಕೊಟ್ಟ ಬಸವಕಲ್ಯಾಣದ ಬೀಗರೇ. ಅವರು ಬಾಗಿಲ ಮೇಲೆ ಅಂಗೈ ಆಡಿಸಿದರು. ಹಳೆ ಗಾಡಿ ಕೊಳ್ಳುವವರ ಮೊದಲ ಪರೀಕ್ಷೆಯೇ ಅದು — ಸಿಪ್ಪೆ ಇದ್ದರೆ ಕಂಪನಿ ಬಣ್ಣ. ನುಣ್ಣಗಿದ್ದರೆ ಬಡಿದು ರಿಪೇರಿಯಾದದ್ದು.

"ಆಕ್ಸಿಡೆಂಟ್ ಗಾಡಿ ನಮ್ಮ ಕೊರಳಿಗೆ ಕಟ್ಟಾಕತ್ತೀರೇನ್ರಿ, ಬೀಗರ?"

ನೀವು ಅವರನ್ನು ನೇರ ನನ್ನಲ್ಲಿಗೆ ಕರೆತಂದಿರಿ. ಇವನೇ ಹೇಳಲಿ ಎಂದಿರಿ — ಎಂಥವನ ಮೇಲೆ ಎಂಥ ನಂಬಿಕೆ! ಬೆಂಚಿನ ಮೇಲೆ ಗಿರಾಕಿಗಳು ಚಹಾ ಕುಡಿಯುತ್ತ ಕೂತಿದ್ದರು. ಒಳ್ಳೆಯ ಬಣ್ಣವನ್ನು ನಾನೇ ತಿಕ್ಕಿದೆ ಎಂದರೆ ಅವರು —

"ನನ್ನ ಕಡೆ ಬರೋಕಿಂತ ಮೊದಲ ಏನಾಗಿತ್ತೋ, ನನಗೇನ್ ಗೊತ್ರಿ" ಎಂದೆ.

ನೀವು ಬೈಯಲಿಲ್ಲ. ತಲೆಯ ರುಮಾಲು ಬಿಚ್ಚಿ, ಮತ್ತೆ ಸುತ್ತಿಕೊಂಡಿರಿ.

ಈಗ ಆ ಮನೆಯಲ್ಲಿ ನಿಮ್ಮ ಮಗಳು ಏನು ಹೇಳಿದರೂ, "ಇದೂ ನಿಮ್ಮಪ್ಪನ ಗಾಡಿ ಇದ್ದಾಂಗೇನ?" ಎಂದು ಕೇಳುತ್ತಾರಂತೆ. ನೀವೂ ಹೋದರೆ ಪಡಸಾಲೆಯಲ್ಲೇ ನೀರು ಕುಡಿದು ತಿರುಗಿ ಬರುತ್ತೀರಂತೆ.

ಇವತ್ತು ಬೆಂಚಿನ ಮೇಲಿದ್ದವರಿಗೆ ನಿಜ ಹೇಳಿದೆ. ಅರ್ಧ ಚಹಾ ಬಿಟ್ಟು ಎದ್ದು ಹೋದರು. ಹೋಗಲಿ. ನಾಳೆ ಬಸವಕಲ್ಯಾಣಕ್ಕೆ ಹೋಗುತ್ತೇನೆ. ನೀವು ಬರಬೇಡಿ, ನನ್ನ ಪರ ನಿಲ್ಲುವ ಗುಣ ನಿಮ್ಮದು. ಆ ಅಂಗಳದಲ್ಲಿ ನಿಂತು, ಒಳಗೆ ಒಲೆಯ ಮುಂದಿರುವ ನಿಮ್ಮ ಮಗಳಿಗೂ ಕೇಳುವ ಹಾಗೆ ಹೇಳುತ್ತೇನೆ — ಸುಳ್ಳಾಡಿದವನು ಅವಳಪ್ಪನಲ್ಲ, ನಾನು.