ಬಿಲ್ಲಿನ ಸದ್ದು ನನ್ನದಲ್ಲ

ಮಾಬಕ್ಕ ಬೇಡ ಎಂದಿರಲಿಲ್ಲ. ಬೇಡ ಎಂದವಳು ನಾನು. ಇಷ್ಟನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು — ಬರೆದ ಮೇಲೂ ಮನಸ್ಸೇನೂ ಹಗುರಾಗಿಲ್ಲ.

ಮಾಬಕ್ಕ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಗುಬ್ಬಿಯ ಒಂದೇ ಮನೆಗೆ ಸೊಸೆಯರಾಗಿ ಬಂದವರು ನಾವು. ಅವಳು ಕುಣಿಗಲ್ಲಿನಿಂದ, ನಾನು ತುಮಕೂರಿನಿಂದ. ನಮ್ಮದು ಪಿಂಜಾರರ ಮನೆ. ಹತ್ತಿ ಹಿಂಜಿ ಹಾಸಿಗೆ ತುಂಬುವುದು ಕಸುಬು. ಆಳುದ್ದದ ಬಿಲ್ಲಿನ ತಂತಿಗೆ ಮರದ ಕೊಡತಿಯಿಂದ ಹೊಡೆದರೆ ಗಂಟುಗಟ್ಟಿದ ಹತ್ತಿ ಬಿಡಿಬಿಡಿಯಾಗಿ ಹಾರುತ್ತದೆ. ಬೀದಿಯಲ್ಲಿ ಹೋಗುವಾಗ ನಮ್ಮ ಮನೆಯವರು ಕೂಗುತ್ತಿರಲಿಲ್ಲ, ತಂತಿ ಮಿಡಿಯುತ್ತಿದ್ದರು. ಒಂದೊಂದು ಮನೆಯವರದು ಒಂದೊಂದು ಏಟು. ನಮ್ಮದು ಎರಡು ಗಟ್ಟಿ, ಒಂದು ಮೆಲ್ಲಗೆ, ಆಮೇಲೆ ಉಸಿರೆಳೆದುಕೊಳ್ಳುವಷ್ಟು ಹೊತ್ತು ಸುಮ್ಮನಿದ್ದು ಮತ್ತೊಂದು. ಒಳಗಿದ್ದ ಹೆಂಗಸರು ಆ ಸದ್ದಿಗೇ ಯಾರು ಬಂದರೆಂದು ತಿಳಿದು ಹಳೇ ಹಾಸಿಗೆಗಳನ್ನು ಹೊರಗೆ ತರುತ್ತಿದ್ದರು.

ಮಾವ ಆ ಏಟು ಕಲಿಸಿದ್ದು ಮಾಬಕ್ಕನಿಗೆ. ಮಾವನ ಸೊಂಟ ಹಿಡಿದುಕೊಂಡಿತು, ಗಂಡಸರು ಬೇರೆ ಕೆಲಸ ನೋಡಿಕೊಂಡರು. ಆಗ ಬಿಲ್ಲನ್ನು ಹೆಗಲಿಗೇರಿಸಿ ಸಿ.ಎಸ್. ಪುರದವರೆಗೂ ಹೋಗುತ್ತಿದ್ದವಳು ಅವಳೇ. ನಾನೂ ಕಲಿಯುತ್ತೇನೆ ಎಂದು ಒಮ್ಮೆ ಕೇಳಿದ್ದೆ. "ನಿಂಗ್ಯಾಕಮ್ಮ ಇದು, ನೀನ್ ಓದ್ದೋಳು" ಎಂದು ಮಾವ ನಕ್ಕರು. ಪ್ರೀತಿಯಿಂದಲೇ ಅಂದರು. ಆದರೆ ಅಂದಿನಿಂದ ಜಗಲಿಯಲ್ಲಿ ಬಿಲ್ಲು ಮಿಡಿದಾಗಲೆಲ್ಲ ನನಗೆ — ಹೇಗೆ ಹೇಳಲಿ — ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತಿದ್ದಾರೆ, ನನ್ನನ್ನು ಮಾತ್ರ ಕರೆದಿಲ್ಲ ಅನ್ನಿಸುತ್ತಿತ್ತು. ನಾನು ಅಂಗನವಾಡಿ ಟೀಚರ್. ನಮ್ಮ ಬೀದಿಯ ಮಕ್ಕಳಿಗೆಲ್ಲ ಅ, ಆ ಹೇಳಿಕೊಟ್ಟವಳು. ಆದರೂ ಜನ ನನ್ನನ್ನು ಗುರುತಿಸುತ್ತಿದ್ದದ್ದು "ಬಿಲ್ಲಕ್ಕನ ವಾರಗಿತ್ತಿ" ಎಂದು. ಅದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಆಗಲೇ ತುಮಕೂರಿನಲ್ಲಿ ಒಂದು ಸಣ್ಣ ಮ್ಯೂಸಿಯಂ ಶುರುವಾಗಿದ್ದು. ಯಾವ ಪುಸ್ತಕದಲ್ಲೂ ಇಲ್ಲದವರ ಕಥೆಗಳನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿ, ಬಂದವರಿಗೆ ಹೆಡ್‌ಫೋನಿನಲ್ಲಿ ಕೇಳಿಸುವ ಜಾಗ. ಪಿಂಜಾರರ ಮಾತೂ ಇರಲಿ ಎಂದು ಅವರನ್ನು ಮನೆಗೆ ಕರೆದವಳು ನಾನೇ. ಚೈತ್ರಾ ಎಂಬ ಹುಡುಗಿ ಬಂದಳು. ನಾನು ಹಬ್ಬದ ಸೀರೆ ಉಟ್ಟು ಕೂತಿದ್ದೆ. ಫೋಟೋಗೆಂದು ಮಾಬಕ್ಕನ ಬಿಲ್ಲು ಇಸಿದುಕೊಂಡು ನನ್ನ ಹೆಗಲ ಮೇಲಿಟ್ಟುಕೊಂಡೆ. ಕೊಡುವಾಗ ಅವಳು ಅದರ ಧೂಳು ಒರೆಸಿ ಕೊಟ್ಟಳು. ಫೋಟೋ ಆದ ಮೇಲೆ ಬಿಲ್ಲು ಅವಳ ಕೈಗೇ ವಾಪಸ್ ಹೋಯಿತು.

ನಾನು ಒಳಗೆ ಮಾತಾಡಿದೆ. ಹೊರಗೆ ಜಗಲಿಯ ಮೇಲೆ ಅವಳು ಅದೇ ನಮ್ಮನೆ ಏಟಿನಲ್ಲಿ ಹತ್ತಿ ಹಿಂಜುತ್ತಿದ್ದಳು. ನಿಲ್ಲಿಸಲು ಹೇಳಲೇ ಎಂದರೆ ಚೈತ್ರಾ, "ಬೇಡ ಮೇಡಂ, ಹಿಂದ್ಗಡೆ ಕೇಳ್ಸೋದು ಚೆನ್ನಾಗಿದೆ" ಅಂದಳು. ನನ್ನ ಮಾತಿಗೆ ತಲೆ ಆಡಿಸುತ್ತಿದ್ದಳು, ನಡುನಡುವೆ ಮೆಷಿನ್ನಿನ ಕಡೆ ನೋಡುತ್ತಿದ್ದಳು.

ಆಮೇಲೆ ಮಾಬಕ್ಕ ತಲೆಗೂದಲಲ್ಲೆಲ್ಲ ಹತ್ತಿ ಅಂಟಿಸಿಕೊಂಡು ಟೀ ತಂದಳು. ಚೈತ್ರಾ ಏನೋ ಒಂದು ಕೇಳಿದಳು, ಅಷ್ಟೇ, ಮಾಬಕ್ಕ ಹೇಳುತ್ತಾ ಹೋದಳು. ತವರಿನ ಕಡೆಯ ಹುತ್ರಿದುರ್ಗದ ಮನೆಯೊಂದರ ಹಾಸಿಗೆ ಬಿಚ್ಚಿದಾಗ ಒಳಗೆ ಮೂಗುಬಟ್ಟು ಸಿಕ್ಕಿದ್ದು, ಅದನ್ನು ಅಡಗಿಸಿಟ್ಟ ಮುದುಕಿ ಮೂಲೆಯಿಂದ ಕಣ್ಣಲ್ಲೇ ಬೇಡಿಕೊಂಡಿದ್ದು, ಇವಳು ಸೊಲ್ಲೆತ್ತದೆ ಹತ್ತಿಯ ಜೊತೆ ಅದನ್ನೂ ಒಳಗಿಟ್ಟು ಹೊಲಿದದ್ದು. ಚೈತ್ರಾ ಓಡುತ್ತಲೇ ಇದ್ದ ಮೆಷಿನ್ ನೋಡುವುದನ್ನೇ ಮರೆತಳು. ಕೊನೆಗೆ ಮಾಬಕ್ಕ ನನ್ನ ಕಡೆ ಕೈ ತೋರಿಸಿ, "ನಮ್ ಜುಬೇದಾ ಮದ್ವೆ ಆಗ್ ಬಂದಾಗ ಹತ್ತಿ ಕಂಡ್ರೇ ಸೀನೋಳು. ಮೊದಲ್ನೇ ದಿನ ಇಡೀ ಮನೆ ಅವ್ಳ್ ಸೀನು ಎಣಿಸ್ತಾ ಕೂತಿದ್ವಿ" ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹೊರಡುವಾಗ ಚೈತ್ರಾ ಹೇಳಿದಳು: "ಇವ್ರದ್ದೇ ಮೇನ್ ಆಗಿ ಇಡ್ತೀವಿ ಮೇಡಂ. ನಿಮ್ದು ಮುನ್ನುಡಿ ತರ ಇರ್ಲಿ."

ನಾನು ಮುನ್ನುಡಿ. ನಾನು ಕರೆದದ್ದು, ನನ್ನ ಹಬ್ಬದ ಸೀರೆ, ನನ್ನ ಮಾತು — ಎಲ್ಲ ಅವಳ ಕಥೆ ಶುರುವಾಗುವವರೆಗೆ ಮಾತ್ರ. ಆ ರಾತ್ರಿ ಅವಳು ಬಡಿಸಿದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಆ ಮ್ಯೂಸಿಯಮ್ಮಿನವರದು ಒಂದು ನಿಯಮ. ಹೇಳಿದವರು ಒಪ್ಪಿದರೆ ಮಾತ್ರ ಇಡುತ್ತಾರೆ. ಬೇಡ ಎಂದರೆ ಪೂರ್ತಿ ಅಳಿಸುತ್ತಾರೆ, ತಮಗೂ ಉಳಿಸಿಕೊಳ್ಳುವುದಿಲ್ಲ. ಮಾಬಕ್ಕನ ಹತ್ತಿರ ಫೋನ್ ಇರಲಿಲ್ಲ. ಚೈತ್ರಾ ನನಗೆ ಮಾಡಿದಳು.

"ಅಕ್ಕ ಬೇಡ ಅಂತಿದಾರೆ ಕಣಮ್ಮ. ಅಳಿಸ್ಬಿಡಿ" ಅಂದೆ.

"ನಾನೇ ಬಂದು ಒಂದ್ಸಲ ಕೇಳ್ಲಾ?" ಎಂದಳು ಚೈತ್ರಾ. ಬೇಡ, ಅವರು ನೊಂದುಕೊಳ್ಳುತ್ತಾರೆ ಎಂದೆ. ನನ್ನ ದನಿ ಎಷ್ಟು ಸಲೀಸಾಗಿತ್ತು! ಮನೆಗೆ ಬಂದು ಮಾಬಕ್ಕನಿಗೆ ಇನ್ನೊಂದು ಸುಳ್ಳು ಹೇಳಿದೆ — "ಅವ್ರಿಗೆ ಹಿಡಿಸ್ಲಿಲ್ವಂತೆ ಅಕ್ಕ."

ಅವಳು ಸೆರಗಿಗಂಟಿದ್ದ ಹತ್ತಿ ಬಿಡಿಸುತ್ತಿದ್ದಳು. "ನನ್ ಮಾತು ಯಾರಿಗ್ ಬೇಕು ಬುಡು. ನಿಂದ್ ಬಂತಲ್ಲ, ಅಷ್ಟ್ ಸಾಕು" ಅಂದಳು. ಆಮೇಲೆ ಆ ಕಥೆಗಳನ್ನು ಅವಳು ಮನೆಯ ಮಕ್ಕಳಿಗೂ ಹೇಳಲಿಲ್ಲ. ಕೇಳಿದರೆ, "ಏನೈತೆ ಅದ್ರಲ್ಲಿ" ಎನ್ನುತ್ತಿದ್ದಳು. ಅದನ್ನು ಕೇಳಿಸಿಕೊಂಡೂ ನಾನು ಸುಮ್ಮನಿದ್ದೆ. ಇನ್ನೂ ನಾಚಿಕೆಗೇಡಿನ ಮಾತು ಹೇಳುತ್ತೇನೆ — ಮೊದಲಮೊದಲು ನನಗೆ ಖುಷಿಯೇ ಆಗುತ್ತಿತ್ತು.

ಕಳೆದ ವರ್ಷ ಅವಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮೊನ್ನೆ ತುಮಕೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಹೊರಗೆ ಬಂದವಳೇ, "ನಿನ್ ಮಾತು ಇಟ್ಟವ್ರಲ್ಲ, ಅಲ್ಲಿಗ್ ಕರ್ಕೊಂಡ್ ಹೋಗೇ" ಎಂದಳು. ನೆಪ ಹುಡುಕಿದೆ, ಸಿಗಲಿಲ್ಲ. ಆಟೋದಲ್ಲಿ ಹೋದೆವು. ಪರದೆಯ ಮೇಲೆ ನನ್ನ ಹೆಸರು, ನನ್ನ ಫೋಟೋ, ನನ್ನ ಹೆಗಲ ಮೇಲೆ ಅವಳ ಬಿಲ್ಲು. ಅವಳು ಎಡಗೈಯಲ್ಲಿ ಹೆಡ್‌ಫೋನ್ ಒತ್ತಿ ಹಿಡಿದು ಕಣ್ಣುಮುಚ್ಚಿ ಪೂರ್ತಿ ಕೇಳಿದಳು. ಆಮೇಲೆ ನನ್ನನ್ನೇ ನೋಡಿದಳು.

"ಹಿಂದ್ಗಡೆ ಬಿಲ್ಲು ನೀನೇ ಹೊಡ್ದಿದ್ದೇನೇ? ನಮ್ಮನೆ ಏಟೇ ಕಣೇ! ಯಾವಾಗ್ ಕಲ್ತೆ? ನನ್ ಕೈ ಜೊತೇಲೇ ಹೋಯ್ತು ಅಂದ್ಕಂಡಿದ್ದೆ. ನೀನ್ ಉಳ್ಸ್ಕಂಡಿದೀಯಲ್ಲ..."

"ಹೂಂ ಅಕ್ಕ" ಅಂದೆ.

ಅವಳ ಕಣ್ಣಲ್ಲಿ ನೀರಿತ್ತು. ನಾನು ಜೀವನವಿಡೀ ಬಯಸಿದ್ದ ಮಾತನ್ನು ಅವಳು ನನಗೆ ಕೊಟ್ಟಿದ್ದಳು, ಅದೂ ಅವಳದೇ ಸದ್ದಿಗೆ.

ಚೈತ್ರಾಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಅಳಿಸಿದ್ದು ವಾಪಸ್ ಬರುವುದಿಲ್ಲ ಎಂದಳು. ಮಾಬಕ್ಕನ ಬಿಲ್ಲು ಇನ್ನು ಉಳಿದಿರುವುದು ನನ್ನ ಮಾತಿನ ಹಿಂದೆ ಮಾತ್ರ; ನಾನು ಬಾಯಿ ಮುಚ್ಚಿದ ಕಡೆಗಳಲ್ಲಿ ಸ್ಪಷ್ಟವಾಗಿ ಕೇಳುತ್ತದೆಯಂತೆ. ಆ ತುಣುಕುಗಳನ್ನಷ್ಟೇ ಇಟ್ಟು, ನನ್ನ ಮಾತನ್ನೂ ಫೋಟೋವನ್ನೂ ತೆಗೆದುಬಿಟ್ಟು, ಮಾಬಕ್ಕನ ಹೆಸರು ಹಾಕಿ ಎಂದೆ. "ಅವ್ರು ಆ ಕಥೆಗಳನ್ನ ಮತ್ತೆ ಹೇಳ್ತಾರಾ?" ಎಂದು ಕೇಳಿದಳು. ಅವರನ್ನೇ ಕೇಳಮ್ಮ ಎಂದೆ. ಅವಳ ಪರವಾಗಿ ಉತ್ತರ ಕೊಡುವ ಬಾಯಿ ಇನ್ನು ನನಗಿಲ್ಲ.

ಮಾಬಕ್ಕನಿಗೆ ಓದಲು ಬರುವುದಿಲ್ಲ. ನಾಳೆ ಬೆಳಿಗ್ಗೆ ಜಗಲಿಯ ಮೇಲೆ ಕೂತು ಇದನ್ನು ನಾನೇ ಅವಳಿಗೆ ಓದಿ ಹೇಳಬೇಕು. ಅವಳು ಬೈದರೆ ತಡೆದುಕೊಳ್ಳುತ್ತೇನೆ. ಆದರೆ ಎಲ್ಲ ಕೇಳಿ, ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಅವಳು ಎಂದಿನಂತೆ "ಬುಡು" ಎಂದುಬಿಟ್ಟರೆ — ನನಗೆ ಭಯವಿರುವುದು ಅದಕ್ಕೆ.